ಚಾರಿತ್ರಿಕ ಕಥೆಯ ವಿಡಿಯೋ ಗೇಮಿನಲ್ಲಿ ಗುರುವಿನ ಪಾತ್ರ: ಆಟಗಾರನ ಕೈಗೆ ಎಷ್ಟು ಕೊಡಬೇಕು?

ಕೆರೆಏರಿ (ದಾವಣಗೆರೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಾವು ನಾಲ್ವರು ಗೆಳೆಯರು ಸೇರಿ ಕಳೆದ ಎಂಟು ತಿಂಗಳಿಂದ ಗೊಡೋ ಎಂಬ ಗೇಮ್ ತಯಾರಿಸುವ ಸಾಫ್ಟ್‌ವೇರಿನಲ್ಲಿ ಒಂದು ಸಣ್ಣ ಗೇಮ್ ಕಟ್ಟುತ್ತಿದ್ದೇವೆ. ಕಥೆ ನಡೆಯುವುದು ಪಾಳೆಯಗಾರರ ಕಾಲದ ಚಿತ್ರದುರ್ಗ ಸೀಮೆಯಲ್ಲಿ. ಮಳೆ ಕೈಕೊಟ್ಟು ಊರು ಬಿಟ್ಟ ಹುಡುಗನೊಬ್ಬ ಕೆರೆ ಕಟ್ಟುವ ಕೆಲಸಕ್ಕೆ ಸೇರಿಕೊಳ್ಳುತ್ತಾನೆ, ಅವನೇ ಆಟಗಾರ. ಕೆರೆಯ ಕೆಲಸ ಹಿಡಿಸಿದವರು ಒಬ್ಬ ಗುರುಗಳು. ಮುಚ್ಚುಮರೆ ಇಲ್ಲದೆ ಹೇಳುವುದಾದರೆ, ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಪಾತ್ರವನ್ನು ಬರೆದಿದ್ದೇವೆ. ಬಯಲುಸೀಮೆಯ ಜನ ಅವರನ್ನು ಕೆರೆ ಕಟ್ಟಿಸಿದ ಗುರು ಎಂದೇ ನೆನೆಯುತ್ತಾರೆ, ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ನಮ್ಮ ಕಡೆ ಚಿಕ್ಕ ಮಕ್ಕಳ ಬಾಯಲ್ಲೂ ಇದೆ.

ಕಳೆದ ಭಾನುವಾರ ನಮ್ಮ ಮನೆಯ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಪರೀಕ್ಷೆ ಮಾಡುತ್ತಿದ್ದೆವು. ಪ್ರತಿ ವರ್ಷ ತಪ್ಪದೆ ಹಟ್ಟಿ ಜಾತ್ರೆಗೆ ಹೋಗಿ ಕೊಬ್ಬರಿ ಸುಟ್ಟು ಬರುವ ನಮ್ಮ ಅಜ್ಜಿ ಮಂಡಕ್ಕಿಯ ತಟ್ಟೆ ಹಿಡಿದು ಪಕ್ಕದಲ್ಲೇ ಕುಳಿತು ನೋಡುತ್ತಿದ್ದರು. ಗುರುಗಳು ಏರಿಯ ಮೇಲೆ ನಿಂತದ್ದನ್ನು ಕಂಡು ಕೂತಲ್ಲೇ ಕೈ ಮುಗಿದರು. ಅಷ್ಟರಲ್ಲಿ ನನ್ನ ಗೆಳೆಯ ಬೇರೊಂದು ಬಟನ್ ಒತ್ತಲು ಹೋಗಿ ಕತ್ತಿ ಬೀಸಿಬಿಟ್ಟ. ಗೇಮಿನ ಮನುಷ್ಯರೆಲ್ಲರಿಗೂ ಒಂದೇ ಮೂಲ ಕೋಡ್ ಇದ್ದುದರಿಂದ ಗುರುಗಳ ತಲೆಯ ಮೇಲೆ ಕೆಂಪು ಅಕ್ಷರದಲ್ಲಿ 12 ಎಂಬ ಅಂಕಿ ಎದ್ದು, ಅವರ ಜೀವದ ಪಟ್ಟಿ ಅಷ್ಟು ತಗ್ಗಿತು. ಅಜ್ಜಿ ತಟ್ಟೆ ಕೆಳಗಿಟ್ಟು, ‘ಅವರಿಗೂ ಹೊಡೀಬಹುದೇನಪ್ಪಾ ಇದರಲ್ಲಿ?’ ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಆ ದೋಷವನ್ನು ಅಂದೇ ಸರಿಪಡಿಸಿದೆವು. ಆದರೆ ಪ್ರಶ್ನೆ ಉಳಿದಿದೆ. ನಿಜವಾಗಿ ಬದುಕಿದ್ದ, ಇಂದಿಗೂ ಜನ ಪೂಜಿಸುವ ವ್ಯಕ್ತಿಯನ್ನು ಇಂತಹ ಗೇಮಿಗೆ ತರುವಾಗ ಹೆಸರು ಇಟ್ಟುಕೊಳ್ಳಬೇಕೋ, ಬದಲಿಸಬೇಕೋ? ಪವಾಡಗಳನ್ನು ತೋರಿಸಬಹುದೇ? ಬೇರೆ ಗೇಮ್‌ಗಳು ಇದನ್ನು ಹೇಗೆ ನಿಭಾಯಿಸಿವೆ ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕೋಟೆಬಾಗಿಲು (ಚಿತ್ರದುರ್ಗ) ಬರೆದದ್ದು:

ನಿಮ್ಮ ಅಜ್ಜಿಯ ಪ್ರಶ್ನೆ ಸರಿಯಾದ ಜಾಗದಲ್ಲೇ ಬೆರಳಿಟ್ಟಿದೆ. ಚಾರಿತ್ರಿಕ ಗೇಮ್‌ಗಳನ್ನು ಹದಿನೈದು ವರ್ಷಗಳಿಂದ ಆಡುತ್ತಾ ಬಂದವನಾಗಿ ನನಗೆ ಅನ್ನಿಸುವುದು ಇಷ್ಟು: ಧರ್ಮಗುರುವಿನ ಮುಖ ಹೇಗಿದೆ, ಅವನ ಮಾತು ಎಷ್ಟು ಸರಿಯಾಗಿದೆ ಎಂಬುದಕ್ಕಿಂತ, ಆಟಗಾರನ ಕೈ ಅವನಿಗೆ ಏನು ಮಾಡಬಹುದು ಎಂಬುದೇ ಆ ಪಾತ್ರದ ಅರ್ಥವನ್ನು ತೀರ್ಮಾನಿಸುತ್ತದೆ.

ಎಲ್ಲರಿಗೂ ಗೊತ್ತಿರುವ ಅಸ್ಯಾಸಿನ್ಸ್ ಕ್ರೀಡ್ ಸರಣಿಯನ್ನೇ ತೆಗೆದುಕೊಳ್ಳಿ. 2009ರಲ್ಲಿ ಬಂದ ಎರಡನೆಯ ಗೇಮಿನ ಕೊನೆಯಲ್ಲಿ ಆಟಗಾರ ವ್ಯಾಟಿಕನ್ನಿನೊಳಗೆ ನುಗ್ಗಿ ಪೋಪ್ ಆರನೆಯ ಅಲೆಕ್ಸಾಂಡರ್, ಅಂದರೆ ರೊಡ್ರಿಗೊ ಬೋರ್ಜಿಯಾನೊಂದಿಗೆ ಮುಷ್ಟಿಯುದ್ಧ ಮಾಡುತ್ತಾನೆ. ಬೋರ್ಜಿಯಾ ನಿಜವಾಗಿ 1492ರಿಂದ 1503ರವರೆಗೆ ಪೋಪ್ ಆಗಿದ್ದವನು, ಅವನ ಅಧಿಕಾರದಾಹವನ್ನು ಅವನ ಕಾಲದವರೇ ಟೀಕಿಸಿದ್ದರು; ಹಾಗಾಗಿ ಅವನನ್ನು ಖಳನನ್ನಾಗಿ ಮಾಡಿದ್ದಕ್ಕೆ ನನ್ನ ದೊಡ್ಡ ಆಕ್ಷೇಪವಿಲ್ಲ. ನನ್ನ ಆಕ್ಷೇಪ ಅದೇ ಗೇಮಿಗೆ 2010ರಲ್ಲಿ ಸೇರಿಸಿದ ಅಧ್ಯಾಯದ ಬಗ್ಗೆ. ಅಲ್ಲಿ ಫ್ಲಾರೆನ್ಸಿನ ಸನ್ಯಾಸಿ ಸವೊನರೋಲ ಬರುತ್ತಾನೆ. ಚರಿತ್ರೆಯಲ್ಲಿ ಈತ ಮಾತಿನಿಂದಲೇ ಒಂದು ನಗರವನ್ನು ಹಿಡಿದಿಟ್ಟವನು. 1494ರಲ್ಲಿ ಫ್ರೆಂಚ್ ದೊರೆ ಇಟಲಿಗೆ ದಂಡೆತ್ತಿ ಬಂದು, ಮೆಡಿಚಿ ಮನೆತನ ಊರು ಬಿಟ್ಟು ಹೋಗಿ, ಜನ ಕಂಗೆಟ್ಟಿದ್ದಾಗ ಅವನ ಉಪದೇಶ ಕೇಳಲು ಸಾವಿರಾರು ಮಂದಿ ನೆರೆಯುತ್ತಿದ್ದರು. 1497ರಲ್ಲಿ ಕನ್ನಡಿ, ಚಿತ್ರ, ವಾದ್ಯಗಳನ್ನು ರಾಶಿ ಹಾಕಿ ಸುಡಿಸಿದ. ಮರುವರ್ಷ ಮೇ 23ರಂದು ಅವನನ್ನೇ ಅದೇ ನಗರದ ಚೌಕದಲ್ಲಿ ಗಲ್ಲಿಗೇರಿಸಿ ಸುಟ್ಟರು. ಇಷ್ಟೆಲ್ಲ ಕೈಯಲ್ಲಿದ್ದೂ ಆ ಗೇಮ್ ಅವನ ಪ್ರಭಾವಕ್ಕೆ ಕೊಡುವ ಕಾರಣ ಒಂದು ಮಾಯಾಗೋಲ. ಅದನ್ನು ಹಿಡಿದವನು ಎದುರಿನವರ ಮನಸ್ಸನ್ನು ಆಳುತ್ತಾನಂತೆ. ಅಲ್ಲಿಗೆ ಫ್ಲಾರೆನ್ಸಿನ ಜನರ ಭಯ, ಹಸಿವು, ನಂಬಿಕೆ ಎಲ್ಲವೂ ಕಥೆಯಿಂದ ಆಚೆ ಹೋದವು. ಅವರು ಏಕೆ ಕಿವಿಗೊಟ್ಟರು ಎಂದು ಆಟಗಾರ ಯೋಚಿಸಬೇಕಾದ ಅಗತ್ಯವೇ ಉಳಿಯಲಿಲ್ಲ. ಪವಾಡ ತೋರಿಸಬೇಕೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ಗುರುಗಳು ಕೈ ಎತ್ತಿದೊಡನೆ ಕೆರೆ ತುಂಬಿದರೆ, ಏರಿಗೆ ಮಣ್ಣು ಹೊತ್ತವರೆಲ್ಲ ಸವೊನರೋಲನ ಕೇಳುಗರಂತೆಯೇ ಕಾಣದಾಗುತ್ತಾರೆ.

ಆ ಸರಣಿಯ ಪ್ರತಿ ಗೇಮಿನ ಆರಂಭದಲ್ಲಿ, ನಾನಾ ನಂಬಿಕೆಗಳ ಜನ ಸೇರಿ ಮಾಡಿದ ಕಲ್ಪಿತ ಕಥೆ ಇದು ಎಂಬ ಒಂದು ಒಕ್ಕಣೆ ಬರುತ್ತದೆ. ನೀವೂ ಒಂದು ಹಾಕಿರಿ, ತಪ್ಪಿಲ್ಲ. ಆದರೆ ಅದರಿಂದ ಒಳಗಿನ ತೂಕ ಬದಲಾಗುವುದಿಲ್ಲ.

ಇದಕ್ಕೆ ವಿರುದ್ಧವಾದ ಎರಡು ದಾರಿಗಳನ್ನು ನೋಡಿದ್ದೇನೆ. 2018ರ ಕಿಂಗ್‌ಡಮ್ ಕಮ್: ಡೆಲಿವರೆನ್ಸ್ ಗೇಮ್ 1403ರ ಬೊಹೆಮಿಯಾದಲ್ಲಿ ನಡೆಯುತ್ತದೆ. ಆಗ ಕ್ರೈಸ್ತ ಸುಧಾರಕ ಯಾನ್ ಹುಸ್ ಪ್ರಾಗ್ ನಗರದಲ್ಲಿ ಜನರ ಭಾಷೆಯಲ್ಲೇ ಉಪದೇಶ ಮಾಡುತ್ತಿದ್ದ. 1415ರಲ್ಲಿ ಅವನನ್ನು ಧರ್ಮದ್ರೋಹಿ ಎಂದು ಸುಟ್ಟರು. ಗೇಮಿನಲ್ಲಿ ಹುಸ್ ಒಮ್ಮೆಯೂ ಕಾಣಿಸುವುದಿಲ್ಲ. ಹಳ್ಳಿಯ ಪಾದ್ರಿಯೊಬ್ಬ ಒಂದು ರಾತ್ರಿ ಕುಡಿಯುತ್ತಾ ಆತನ ವಿಚಾರಗಳನ್ನು ಉತ್ಸಾಹದಿಂದ ಹೇಳುತ್ತಾನೆ. ಮರುಬೆಳಗ್ಗೆ ಪಾದ್ರಿಗೆ ಎದ್ದು ನಿಲ್ಲಲಾಗದೆ, ಅದೇ ಮಾತುಗಳನ್ನು ಚರ್ಚಿನಲ್ಲಿ ಊರವರೆದುರು ಆಡುವ ಹೊಣೆ ಆಟಗಾರನ ಮೇಲೆ ಬೀಳುತ್ತದೆ. ಯಾವ ಸಾಲು ಆರಿಸಬೇಕೆಂದು ತಡವರಿಸುವಾಗ ಆ ವಿಚಾರದ ಬಿಸಿ ನಮಗೇ ತಟ್ಟುತ್ತದೆ. ಇನ್ನೊಂದು 2022ರ ಪೆಂಟಿಮೆಂಟ್. ಅದು 1518ರ ಬವೇರಿಯಾದ ಮಠವೊಂದರಲ್ಲಿ ಆರಂಭವಾಗುತ್ತದೆ, ಮಾರ್ಟಿನ್ ಲೂಥರ್ ಅಲ್ಲಿ ಬರಿ ಸುದ್ದಿ. ಅದರ ಒಂದು ಸೂಕ್ಷ್ಮವನ್ನು ಮರೆಯಲಾರೆ: ಮಠದವರ ಮಾತು ಪರದೆಯ ಮೇಲೆ ಬರಹವಾಗಿ ಮೂಡುವಾಗ, ದೇವರ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಉಳಿದ ಮಾತು ಮುಗಿದ ಮೇಲೆ ಕೆಂಪು ಶಾಯಿಯಲ್ಲಿ ತುಂಬುತ್ತದೆ. ಪೂಜ್ಯಭಾವವನ್ನು ಗೇಮ್ ಒಂದು ಹೀಗೂ ತೋರಿಸಬಹುದೆಂದು ನನಗೆ ತಿಳಿದದ್ದು ಅಂದೇ.

ಆದ್ದರಿಂದ ನನ್ನ ಸಲಹೆ: ಗುರುಗಳನ್ನು ಪರದೆಯ ಮೇಲೆ ತರಲೇಬೇಡಿ. ಅವರ ಮಾತು ಬರಲಿ, ಅವರು ಹಿಡಿಸಿದ ಕೆಲಸ ಕಾಣಲಿ.

ನಿವೃತ್ತ ಕನ್ನಡ ಉಪನ್ಯಾಸಕ (ಹೊಸದುರ್ಗ) ಬರೆದದ್ದು:

ತಮ್ಮಾ ಕೆರೆಏರಿ, ನಾನು ಗೇಮ್ ಆಡಿದವನಲ್ಲ. ಆದರೆ ನೀವು ಎದುರಿಸುತ್ತಿರುವ ತೊಡಕು ನಮ್ಮ ಕವಿಗಳಿಗೆ ಹೊಸದಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಅಲ್ಲಮಪ್ರಭುವನ್ನೇ ನೋಡಿ. ಹರಿಹರನ ರಗಳೆಯಲ್ಲಿ ಅಲ್ಲಮ ಬಳ್ಳಿಗಾವೆಯ ಮದ್ದಳೆಗಾರ; ಕಮಲತೆ ಎಂಬ ಹೆಣ್ಣನ್ನು ಒಲಿದು ಮದುವೆಯಾಗುತ್ತಾನೆ; ಆಕೆ ಜ್ವರದಿಂದ ತೀರಿಕೊಂಡಾಗ ಹುಚ್ಚನಂತೆ ಅಲೆಯುತ್ತಾನೆ. ತೋಟವೊಂದರಲ್ಲಿ ಕುಳಿತು ಕಾಲ ಹೆಬ್ಬೆರಳಿನಿಂದ ನೆಲ ಕೆದಕುವಾಗ ಹೂತುಹೋದ ದೇಗುಲದ ಕಳಸ ತಾಗುತ್ತದೆ. ಅಗೆದು ಒಳಹೊಕ್ಕರೆ ಅಲ್ಲಿ ಅನಿಮಿಷಯ್ಯ, ಅವನ ಅಂಗೈಯಲ್ಲಿ ಲಿಂಗ. ಇದಾಗಿ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಚಾಮರಸ ‘ಪ್ರಭುಲಿಂಗಲೀಲೆ’ ಬರೆದಾಗ ಆ ವಿರಹಿಗೆ ಅಲ್ಲಿ ಜಾಗವಿಲ್ಲ. ಚಾಮರಸನ ಪ್ರಭು ಯಾರ ಕೈಗೂ ಸಿಗದವನು. ಮಾಯೆ ಬನವಾಸಿಯಲ್ಲಿ ರಾಜಕುಮಾರಿಯಾಗಿ ಹುಟ್ಟಿ ಬೆನ್ನುಹತ್ತಿದರೂ ಅವನನ್ನು ಮುಟ್ಟಲಾರಳು. ಒಬ್ಬನೇ ಶರಣ, ಎರಡು ಬದುಕು. ಎರಡನ್ನೂ ಭಕ್ತರೇ ಬರೆದರು, ಎರಡನ್ನೂ ಭಕ್ತರೇ ಓದಿದರು. ಹರಿಹರನ ಅಲ್ಲಮ ಅತ್ತವನೆಂದು ಯಾರಿಗೂ ಅವನ ಮೇಲಿನ ಭಕ್ತಿ ಕಡಿಮೆಯಾಗಲಿಲ್ಲ. ನನಗಂತೂ ಆ ಕಾಲ ಹೆಬ್ಬೆರಳಿನ ಚಿತ್ರವಿಲ್ಲದೆ ಅಲ್ಲಮನ ಬೆಡಗಿನ ವಚನಗಳನ್ನು ಓದಲು ಆಗುವುದೇ ಇಲ್ಲ. ನೆಲದೊಳಗೆ ಏನೋ ಇದೆ ಎಂಬ ಅರಿವು ದುಃಖದ ಕಾಲಿಗೆ ತಾಗಿತಲ್ಲ ಎಂಬ ಬೆರಗು ಇಂದಿಗೂ ಹಾಗೇ ಇದೆ.

ಆದ್ದರಿಂದ, ಗುರುವನ್ನು ತೆರೆಯ ಮರೆಯಲ್ಲೇ ಇಡಿ ಎಂಬ ಕೋಟೆಬಾಗಿಲು ಅವರ ಸಲಹೆಯನ್ನು ನಾನು ಪೂರ್ತಿ ಒಪ್ಪಲಾರೆ. ಹುಸ್ ಮತ್ತು ಲೂಥರರ ವಿಷಯದಲ್ಲಿ ಅದು ಸೊಗಸಾಗಿರಬಹುದು. ನಮ್ಮ ಪರಂಪರೆ ಶರಣರನ್ನು ದೂರ ಇಟ್ಟಿಲ್ಲ, ಅಂಗಳಕ್ಕೆ ಕರೆತಂದಿದೆ. ನಮ್ಮ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ತಂಡ 1997ರಿಂದ ಊರೂರಿಗೆ ಹೋಗಿ ನಾಟಕ ಆಡುತ್ತಿದೆ, ಬಸವಣ್ಣನ ಪಾತ್ರ ಮಾಡಿದ ಹುಡುಗ ಆಟ ಮುಗಿದ ಮೇಲೆ ಬಣ್ಣ ತೊಳೆದು ನಮ್ಮ ಜೊತೆಯಲ್ಲೇ ಊಟಕ್ಕೆ ಕೂರುತ್ತಾನೆ. ನಮ್ಮ ಸೀಮೆಯ ಮೂಡಲಪಾಯ ಬಯಲಾಟದಲ್ಲಿ ರೈತಾಪಿ ಜನ ರಾಮನೂ ಆಗುತ್ತಾರೆ, ಹನುಮನೂ ಆಗುತ್ತಾರೆ.

ಆದರೆ ಒಂದು ವ್ಯತ್ಯಾಸವಿದೆ, ಅದನ್ನು ನೀವು ಮನಸ್ಸಿಗೆ ತಂದುಕೊಳ್ಳಬೇಕು. ಬಯಲಾಟದಲ್ಲಿ ಹನುಮನ ವೇಷ ತೊಡುವವನು ತಿಂಗಳುಗಟ್ಟಲೆ ತಾಲೀಮು ಮಾಡಿರುತ್ತಾನೆ. ಗಣಪತಿಯ ಸ್ತುತಿ ಆಗದೆ ಆಟ ಏಳುವುದಿಲ್ಲ. ಆಡಬೇಕಾದ ಮಾತು, ಹಾಕಬೇಕಾದ ಹೆಜ್ಜೆ ಎಲ್ಲವೂ ಮೊದಲೇ ಗೊತ್ತಿರುತ್ತದೆ, ಭಾಗವತ ಜೊತೆಗೇ ಇರುತ್ತಾನೆ. ಅಲ್ಲಿ ಮನುಷ್ಯ ಪಾತ್ರಕ್ಕೆ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ನಿಮ್ಮ ಗೆಳೆಯನ ಕೈಯಲ್ಲಿ ಬಟನ್ ಇದ್ದಾಗ ಪಾತ್ರವೇ ಅವನಿಗೆ ಒಪ್ಪಿಸಿಕೊಂಡಿತ್ತು. ಅಜ್ಜಿಗೆ ನೋವಾದದ್ದು ಗುರು ಕಾಣಿಸಿಕೊಂಡದ್ದರಿಂದ ಅಲ್ಲ. ಕಾಣಿಸಿದಾಗ ಆ ತಾಯಿ ಕೈ ಮುಗಿದರೆಂದು ನೀವೇ ಬರೆದಿದ್ದೀರಿ.

ಬ್ರಹ್ಮಗಿರಿಬುಡ (ಮೊಳಕಾಲ್ಮೂರು) ಬರೆದದ್ದು:

ಮೇಷ್ಟ್ರ ಮಾತಿಗೆ ಪೂರಕವಾಗಿ ನಮ್ಮ ಊರ ಕಡೆಯ ಒಂದು ಉದಾಹರಣೆ ಕೊಡುತ್ತೇನೆ. ಸಿವಿಲೈಸೇಶನ್ ಸರಣಿಯ ಆರನೆಯ ಗೇಮಿನಲ್ಲಿ ಮಹಾಪ್ರವಾದಿಗಳ ಒಂದು ಪಟ್ಟಿ ಇದೆ, ಅದರಲ್ಲಿ ಬುದ್ಧ, ಶಂಕರ, ಲೂಥರರ ಜೊತೆಗೆ ಉಡುಪಿಯ ಮಧ್ವಾಚಾರ್ಯರೂ ಇದ್ದಾರೆ. ಮೊದಲ ಸಲ ಆ ಹೆಸರು ಕಂಡಾಗ ನನಗಾದ ಸಂತೋಷ ಹೇಳತೀರದು. ಆದರೆ ಆ ಗೇಮಿನ ನಿಯಮದ ಪ್ರಕಾರ ಪ್ರವಾದಿ ಸಿಕ್ಕವನು ಪಟ್ಟಿಯಲ್ಲಿರುವ ಯಾವ ಧರ್ಮವನ್ನಾದರೂ ಸ್ಥಾಪಿಸಬಹುದು. ದ್ವೈತವನ್ನು ಬೋಧಿಸಿದ ಆಚಾರ್ಯರು ಅಲ್ಲಿ ಪ್ರೊಟೆಸ್ಟೆಂಟ್ ಪಂಥವನ್ನೂ ಕಟ್ಟಬಲ್ಲರು. ಅವಮಾನ ಮಾಡುವ ಉದ್ದೇಶ ಯಾರಿಗೂ ಇದ್ದಿರಲಾರದು. ಒಂದು ಹೆಸರನ್ನು ತಂದು ಅದರ ಒಳಗಿನ ತಿರುಳನ್ನೆಲ್ಲ ಹೊರಗೆ ಬಿಟ್ಟರೆ ಆಗುವುದು ಹೀಗೆ. ಹೆಸರು ಇಡಬೇಕೇ ಎಂಬ ನಿಮ್ಮ ಪ್ರಶ್ನೆಗೆ ಇದನ್ನೇ ಅಳತೆಗೋಲು ಮಾಡಿಕೊಳ್ಳಬಹುದು: ಆ ಹೆಸರು ತೆಗೆದು ಬೇರೊಂದು ಹೆಸರು ಹಾಕಿದರೂ ನಿಮ್ಮ ಗೇಮ್ ಹಾಗೇ ನಡೆಯುವುದಾದರೆ ಆ ಹೆಸರಿನ ಹಕ್ಕು ನಿಮಗಿಲ್ಲ.

2025ರ ಏಳನೆಯ ಗೇಮಿನಲ್ಲಿ ಅಶೋಕ ಬಂದಿದ್ದಾನೆ, ಎರಡು ರೂಪದಲ್ಲಿ: ಒಬ್ಬ ಲೋಕವನ್ನು ಗೆಲ್ಲುವ ಅಶೋಕ, ಇನ್ನೊಬ್ಬ ಲೋಕವನ್ನು ತೊರೆದ ಅಶೋಕ. ಆಡುವವರು ಯಾರಾದರೂ ಒಬ್ಬನನ್ನು ಆರಿಸಿಕೊಳ್ಳಬೇಕು. ನಮ್ಮ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನದೇ ಮಾತು ಇದೆ. ಸುವರ್ಣಗಿರಿಯ ಆರ್ಯಪುತ್ರನ ಮೂಲಕ ಇಸಿಲವೆಂಬ ಊರಿನ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಕಳಿಸಿದ ಆ ಶಾಸನದಲ್ಲಿ ಅರಸ ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತೆಂದೂ, ಅದರಲ್ಲಿ ಒಂದು ವರ್ಷ ಹೆಚ್ಚಿನ ಶ್ರಮ ಪಡಲಿಲ್ಲವೆಂದೂ, ಸಂಘದ ಹತ್ತಿರ ಬಂದ ಮೇಲೆ ಶ್ರಮಪಟ್ಟೆನೆಂದೂ ಹೇಳಿಕೊಂಡಿದ್ದಾನೆ. ಕಡೆಗೆ ಲಿಪಿಕಾರ ಚಪಡ ತನ್ನ ಹೆಸರನ್ನೂ ಕೊರೆದು, ಒಂದು ಪದವನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ನಾನು ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋಗಿ ಅದನ್ನು ತೋರಿಸಿದ್ದರು. ಗೆಲ್ಲುವವನು ತೊರೆದವನಾಗಲು ಎಷ್ಟು ದಿನ ಹಿಡಿಯಿತು, ನಡುವೆ ಎಷ್ಟು ಸೋಮಾರಿತನವಿತ್ತು ಎಂಬುದನ್ನು ಅವನೇ ಒಪ್ಪಿಕೊಂಡಿರುವಾಗ, ಆ ನಡುವಿನ ಕಾಲವನ್ನೇ ತೆಗೆದುಹಾಕಿ ಎರಡು ಗೊಂಬೆ ಮಾಡಿದ್ದು ನನಗೆ ದೊಡ್ಡ ನಷ್ಟವೆನಿಸುತ್ತದೆ. ನಿಮ್ಮ ಗೇಮ್ ಕೆರೆ ಕಟ್ಟುವ ಗೇಮ್. ಕಾಲ ಹಿಡಿಯುವ ಕೆಲಸವನ್ನು ತೋರಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಯಾರಿಗೆ ಸಿಕ್ಕೀತು?

ಹರಿಹರದ ತಾಯಿ ಬರೆದದ್ದು:

ನನಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಇಂತಹ ಗೇಮ್‌ಗಳನ್ನು ಆಡುತ್ತಾರೆ. ದೊಡ್ಡವನು ಪೋಪ್ ಎಂದರೆ ಕೋಲು ಹಿಡಿದು ಹೊಡೆದಾಡುವವನು ಎಂದೇ ಬಹಳ ದಿನ ತಿಳಿದಿದ್ದ. ಮಕ್ಕಳು ಪಠ್ಯಪುಸ್ತಕವನ್ನು ಮರೆತರೂ ಗೇಮಿನಲ್ಲಿ ಕಂಡದ್ದನ್ನು ಮರೆಯುವುದಿಲ್ಲ, ಇದನ್ನು ದಯವಿಟ್ಟು ನೆನಪಿಡಿ.

2025ರಲ್ಲಿ ಅಸ್ಯಾಸಿನ್ಸ್ ಕ್ರೀಡ್ ಸರಣಿಯ ಜಪಾನ್ ಕಥೆ ಬಿಡುಗಡೆಯಾಗುವ ಹೊತ್ತಿಗೆ, ಅದರಲ್ಲಿ ದೇಗುಲದೊಳಗಿನ ವಸ್ತುಗಳನ್ನು ಒಡೆಯಬಹುದೆಂಬ ವಿಷಯ ಆ ದೇಶದ ಸಂಸತ್ತಿನವರೆಗೂ ಹೋಗಿತ್ತು. ಬಿಡುಗಡೆಯ ದಿನದ ಅಪ್‌ಡೇಟಿನಲ್ಲೇ ಅಲ್ಲಿನ ಮೇಜು, ಕಪಾಟುಗಳನ್ನು ಒಡೆಯಲಾಗದಂತೆ ಮಾಡಿದರು. ದೊಡ್ಡ ಕಂಪನಿಗೆ ಬಿಡುಗಡೆಯ ದಿನ ಹೊಳೆದದ್ದು ನಿಮಗೆ ನಿಮ್ಮ ಅಜ್ಜಿಯಿಂದ ಮೊದಲೇ ತಿಳಿದಿದೆ. ಇನ್ನೊಂದು ಮಾತು. ನಮ್ಮೂರ ಹರಿಹರೇಶ್ವರನ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಹೊಯ್ಸಳರ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಅದು. ಇಬ್ಬರು ದೇವರನ್ನು ಒಂದೇ ಮೈಯಲ್ಲಿ ಕಂಡರಿಸಿದ ಶಿಲ್ಪಿಗೂ ಕಲ್ಪನೆ ಬೇಕಾಗಿತ್ತಲ್ಲವೇ? ಕಲ್ಪನೆಗೆ ಹೆದರಬೇಡಿ. ನಾಯಕನಹಟ್ಟಿಗೆ ಹೋಗಿ, ಒಳಮಠ ಹೊರಮಠ ಎರಡನ್ನೂ ನೋಡಿ, ಅಲ್ಲಿನ ಹಿರಿಯರಿಗೆ ಗೇಮ್ ತೋರಿಸಿ, ಅವರು ಹೇಳಿದ್ದನ್ನು ಕೇಳಿಸಿಕೊಂಡು ಬನ್ನಿ.

ಕೋಟೆಬಾಗಿಲು (ಚಿತ್ರದುರ್ಗ) ಮತ್ತೆ ಬರೆದದ್ದು:

ಮೇಷ್ಟ್ರೇ, ನಿಮ್ಮ ತಿದ್ದುಪಡಿಯನ್ನು ಒಪ್ಪುತ್ತೇನೆ. ಮರೆಯಲ್ಲಿಡುವುದೊಂದೇ ದಾರಿ ಎಂದದ್ದು ಅವಸರದ ಮಾತಾಯಿತು. ಹೈದರಾಬಾದಿನಲ್ಲಿ ತಯಾರಾಗಿ 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ಹನುಮಾನ್ ಗೇಮಿನ ಬಗ್ಗೆ ಎದ್ದ ಆಕ್ಷೇಪವೂ ಇದೇ ಆಗಿತ್ತು: ಹನುಮನನ್ನು ಚಿತ್ರಿಸಿದ್ದಕ್ಕಲ್ಲ, ಅವನು ಆಡುವವರ ಬೆರಳಿನ ಇಷ್ಟದಂತೆ ಕುಣಿಯಬೇಕಾಗಿದ್ದಕ್ಕೆ. ಗುರುಗಳು ಕಾಣಿಸಲಿ; ಆದರೆ ಅವರ ಹತ್ತಿರ ಹೋದಾಗ ಬಟನ್‌ಗಳ ಕೆಲಸವೇ ಬದಲಾಗಲಿ ಎಂಬುದು ಈಗ ನನ್ನ ಸಲಹೆ.

ಕೆರೆಏರಿ (ದಾವಣಗೆರೆ) ಬರೆದದ್ದು:

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಹದಿನೈದು ದಿನ ತಡವಾಗಿ ಬರೆಯುತ್ತಿರುವುದಕ್ಕೆ ಕಾರಣ, ನಾಯಕನಹಟ್ಟಿಗೆ ಹೋಗಿ ಬಂದು ಅರ್ಧ ಗೇಮನ್ನು ಬಿಚ್ಚಿ ಕಟ್ಟಿದೆವು.

ಹೆಸರಿನ ವಿಷಯದಲ್ಲಿ ಬ್ರಹ್ಮಗಿರಿಬುಡ ಅವರ ಅಳತೆಗೋಲನ್ನೇ ಹಿಡಿದೆವು. ಹಳೆಯ ರೂಪದಲ್ಲಿ ಗುರುಗಳ ಬದಲು ಪಾಳೆಯಗಾರನನ್ನು ನಿಲ್ಲಿಸಿದರೂ ಕಥೆ ಹಾಗೇ ನಡೆಯುತ್ತಿತ್ತು, ಅಂದರೆ ನಾವು ಹೆಸರನ್ನು ಅಲಂಕಾರಕ್ಕೆ ಬಳಸಿದ್ದೆವು. ಈಗ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದೇ ಗೇಮಿನ ನಿಯಮವಾಗಿದೆ. ಆಟಗಾರ ಎಷ್ಟು ಬುಟ್ಟಿ ಮಣ್ಣು ಹೊತ್ತನೋ ಅಷ್ಟೇ ಜೋಳ ಸಂಜೆ ಅವನ ಮಡಿಲಿಗೆ ಬೀಳುತ್ತದೆ. ನಾಯಕನ ಕಡೆಯವನೆಂದು ಹೇಳಿಕೊಂಡರೂ ಒಂದು ಹಿಡಿ ಹೆಚ್ಚಿಲ್ಲ. ಮಳೆ ಬಿದ್ದರೇ ಕೆರೆ ತುಂಬುವುದು, ಏರಿಯನ್ನು ಸರಿಯಾಗಿ ತುಳಿದು ಗಟ್ಟಿ ಮಾಡದಿದ್ದರೆ ಒಡೆಯುವುದು. ಪವಾಡದ ಕಥೆಗಳನ್ನು ರಾತ್ರಿ ಒಲೆಯ ಸುತ್ತ ಕುಳಿತ ಕೂಲಿಯವರು ಹೇಳುತ್ತಾರೆ, ಒಬ್ಬರು ಹೇಳಿದಂತೆ ಇನ್ನೊಬ್ಬರು ಹೇಳುವುದಿಲ್ಲ. ಹರಿಹರ ಮತ್ತು ಚಾಮರಸರ ಬಗ್ಗೆ ಮೇಷ್ಟ್ರು ಬರೆದದ್ದನ್ನು ಓದಿದ ರಾತ್ರಿಯೇ ಆ ಭಾಗವನ್ನು ಬರೆದೆ.

ಗುರುಗಳು ಕಾಣಿಸುತ್ತಾರೆ, ಮುಖ ಮಾತ್ರ ಸದಾ ನೀರಿನ ಕಡೆಗಿರುತ್ತದೆ. ಅವರಿಂದ ಹತ್ತು ಹೆಜ್ಜೆ ದೂರದೊಳಗೆ ಬಂದರೆ ಆಟಗಾರನ ಕೈಯಲ್ಲಿದ್ದ ಕತ್ತಿ ತಾನಾಗಿ ಸೊಂಟಕ್ಕೆ ಸೇರುತ್ತದೆ. ಕತ್ತಿ ಬೀಸುವ ಬಟನ್ ಒತ್ತಿದರೆ ಅವನು ಬಾಗಿ ಪಕ್ಕದಲ್ಲಿರುವ ಬುಟ್ಟಿಯನ್ನು ಎತ್ತಿಕೊಳ್ಳುತ್ತಾನೆ. ಅಲ್ಲಿ ಅವನ ಕೈಗೆ ಬೇರೆ ಕೆಲಸವಿಲ್ಲ. ನಾಯಕನಹಟ್ಟಿಯಲ್ಲಿ ಒಬ್ಬ ಹಿರಿಯರು ಲ್ಯಾಪ್‌ಟಾಪಿನಲ್ಲಿ ಇದನ್ನು ನೋಡಿ, ತೂಬಿನ ಜಾಗ ತಪ್ಪಾಗಿದೆ, ತೂಬನ್ನು ಅಷ್ಟು ಮೇಲೆ ಇಟ್ಟರೆ ತಳದ ನೀರು ಗದ್ದೆಗೆ ಹರಿಯುವುದಿಲ್ಲ ಎಂದರು. ಗುರುಗಳ ಬಗ್ಗೆ ಅವರು ಏನೂ ಹೇಳಲಿಲ್ಲ. ತೂಬನ್ನು ಕೆಳಗಿಳಿಸಿದ್ದೇವೆ.

ನಿನ್ನೆ ಸಂಜೆ ಅಜ್ಜಿಯ ಕೈಗೆ ಕಂಟ್ರೋಲರ್ ಕೊಟ್ಟೆ. ಅವರು ಕೋಲು ತಿರುಗಿಸಲು ಕಲಿಯುವಷ್ಟರಲ್ಲಿ ಗೇಮಿನೊಳಗೆ ಮೂರು ದಿನ ಕಳೆದಿತ್ತು. ಏರಿಯ ಮೇಲೆ ಬಂದಾಗ ಅದೇ ಬಟನ್ ಒತ್ತಿದರು, ಹುಡುಗ ಬುಟ್ಟಿ ಎತ್ತಿಕೊಂಡ. ‘ಇದನ್ನ ಎಲ್ಲಿಗೆ ಹಾಕಬೇಕು, ಹೇಳು’ ಎಂದರು. ತೋರಿಸಿದೆ. ಅಡುಗೆಮನೆಯಿಂದ ಅಮ್ಮ ಎರಡು ಸಲ ಕರೆದರೂ ಏಳದೆ, ಹದಿನಾಲ್ಕು ಬುಟ್ಟಿ ಹಾಕಿದರು.